ಹಸಿರು ಪಟ್ಟಿ ತುಂಬುವವರೆಗೆ

ಬಾಲಿಕ್ಚಿ
೧೭ ನವೆಂಬರ್ ೨೦೧೧

ಪ್ರೀತಿಯ ಸುಯುಮ್‌ಕಾನ್ ಅಕ್ಕಾ,

ಅವನು ಎದ್ದು ಹೊರಗೆ ಹೋದನೇ? ಹೋಗಿಲ್ಲವಾದರೆ ಓದಬೇಡ, ಸ್ಪೇಸ್ ಕೀ ಒತ್ತು. ಚಿನ್ನದ ಹಲ್ಲು ಕಟ್ಟುವ ಎಶಿಮ್ ಡಾಕ್ಟರರ ಜಾಹೀರಾತು ಬಂದು ಕೂರುತ್ತದೆ. ಅವನು ಹೋದಮೇಲೆ ಇನ್ನೊಮ್ಮೆ ಒತ್ತಿದರೆ ನಾನು ಬರುತ್ತೇನೆ.

ಹೇಗಿದ್ದೀಯ? ಬೆರಳುಗಳು ಹೇಗಿವೆ? ಕುರ್ಮಾನ್ ಹಬ್ಬದ ದಿನ ಫೋನಿನಲ್ಲಿ ತಣ್ಣೀರಿಗೆ ಚರ್ಮ ಒಡೆದಿದೆ ಅಂದಿದ್ದೆ. ಕುರಿಯ ಬಾಲದ ಕೊಬ್ಬು ಹಚ್ಚಿಕೋ, ರಾತ್ರಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗು. ಹೊಟ್ಟೆ ತುಂಬ ತಿನ್ನುತ್ತೀಯೋ ಇಲ್ಲವೋ, ಅದನ್ನು ನಿನ್ನ ಅತ್ತೆಯ ಮುಂದೆ ಕೇಳಲಾಗಲಿಲ್ಲ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಅಜ್ಜಿಗೆ ಮಂಡಿ ನೋವು, ಆದರೆ ನಾಲಿಗೆಗೆ ಏನೂ ಆಗಿಲ್ಲ. ಪಡುವಣ ಗಾಳಿ ಶುರುವಾಗಿದೆ. ನಮ್ಮ ಕಂಪ್ಯೂಟರ್ ಕ್ಲಬ್ಬಿನ ಬಾಗಿಲು ಆಗಾಗ ತಾನಾಗಿ ತೆರೆದುಕೊಳ್ಳುತ್ತದೆ. ಪ್ರತಿ ಸಲವೂ ನಾನು ತಲೆ ಎತ್ತಿ ನೋಡುತ್ತೇನೆ. ಯಾರೂ ಇರುವುದಿಲ್ಲ, ಬರೀ ಧೂಳು.

ನಾನು ಈ ಪರದೆಯೊಳಗೆ ಹೇಗೆ ಬಂದೆ ಎಂದು ಆಶ್ಚರ್ಯಪಡುತ್ತಿರಬೇಕು. ಕಾಗದ ಬರೆದರೆ ನಿನ್ನ ಅತ್ತೆ ಒಡೆದು ಓದುತ್ತಾರೆ. ಫೋನು ಅವರ ಮಗ ಉಲಾರ್‌ಬೆಕ್‌ನ ಜೇಬಿನಲ್ಲೇ ಇರುತ್ತದೆ. ಆದರೆ ಆವತ್ತು ನೀನು ನಗುತ್ತ ಒಂದು ಮಾತು ಹೇಳಿದೆ: “ಅವ್ರ ಕಂಪ್ಯೂಟರ್‌ಗೆ ಆಟ ಹಾಕಿಕೊಡೋದು ನನ್ನ ಕೆಲ್ಸ ಕಣೇ. ಆ ಹಸಿರು ಪಟ್ಟಿ ತುಂಬೋವರೆಗೂ ಕೂರೋ ತಾಳ್ಮೆ ಅವ್ರಿಗಿಲ್ಲ, ಸಿಗರೇಟ್ ಹಚ್ಕೊಂಡು ಹೊರಗೆ ಹೋಗ್ಬಿಡ್ತಾರೆ.” ಅದೊಂದೇ ಮಾತನ್ನು ಹಿಡಿದುಕೊಂಡು ಕೂತೆ. ಫುಟ್‌ಬಾಲ್ ಆಟದ ಡಿಸ್ಕುಗಳನ್ನು ಅವನು ತರಿಸುವುದು ನಮ್ಮಪ್ಪನಿಂದಲೇ, ಬಸ್ ಡ್ರೈವರ್ ಕೈಯಲ್ಲಿ. ಅಪ್ಪ ಬರ್ನ್ ಮಾಡುವ ಪ್ರತಿ ಡಿಸ್ಕಿನಲ್ಲೂ, ಆಟ ಇನ್‌ಸ್ಟಾಲ್ ಆಗುವಾಗ, ನಮ್ಮೂರ ಹಳೆಯ ಜಾಹೀರಾತುಗಳು ಒಂದಾದಮೇಲೊಂದು ಬರುತ್ತವೆ. ಅವನ್ನು ಕಣ್ಣಿಟ್ಟು ನೋಡುವ ಗಂಡಸು ಈ ದೇಶದಲ್ಲಿಲ್ಲ. ಮೊದಲ ಕೆಲವನ್ನು ಹಾಗೇ ಬಿಟ್ಟಿದ್ದೇನೆ, ಅವನಿಗೆ ಬೇಜಾರು ಹುಟ್ಟಿಸಲು. ಉಳಿದವನ್ನು ಕಿತ್ತು ಅವುಗಳ ಜಾಗದಲ್ಲಿ ಈ ಕಾಗದ ಇಟ್ಟೆ. ನೀನು ಈಗ ಓದುತ್ತಿರುವ ಪುಟದಲ್ಲಿ ಕಾದಿರ್ ಮಾಮನ ಕರು ಮಾರಾಟಕ್ಕಿತ್ತು. ಆ ಕರು ಈಗ ಹಸುವಾಗಿ ತಾನೂ ಎರಡು ಹೆತ್ತಿದೆ. ಆದರೂ ಮೊನ್ನೆ ಯಾರೋ ಬಂದು ಕರು ಎಲ್ಲಿ ಎಂದು ಕೇಳಿದರಂತೆ. ಮಾಮ ಅವರಿಗೆ ಬ್ರೆಡ್ಡು, ಚಹಾ ಕೊಟ್ಟು, “ಸ್ವಲ್ಪ ತಡ ಮಾಡಿದ್ರಿ, ಈಗ ಅದರ ಮೊಮ್ಮಗು ಬೇಕಿದ್ರೆ ಕಾಯಿರಿ” ಎಂದು ಕಳಿಸಿದನಂತೆ.

ಜಾಹೀರಾತು ಎಂದರೆ ಸಂಬಳ ತಿಂದ ಸುಳ್ಳು ಎಂದು ನಾನು ಒಂದು ಕರಪತ್ರದಲ್ಲಿ ಓದಿದ್ದೆ, ನಂಬಿದ್ದೆ. ಈಗ ಅದರಲ್ಲಿ ಒಂದು ತಪ್ಪು ಕಾಣುತ್ತದೆ. ನಮ್ಮ ಡಿಸ್ಕಿನವು ಬರೆದಾಗ ನಿಜವೇ ಆಗಿದ್ದವು. ಡಾಕ್ಟರರು ಊರು ಬಿಟ್ಟರು, ಕರು ಬೆಳೆಯಿತು, ಜಾಹೀರಾತಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅವುಗಳಲ್ಲಿ ಒಂದು ನಿನ್ನದು. “ಹುಡುಗಿಯರಿಗೆ ಕಂಪ್ಯೂಟರ್ ಪಾಠ. ಪ್ರತಿ ಮಂಗಳವಾರ, ಶಾಲೆ ಬಿಟ್ಟ ಮೇಲೆ. ಕಲಿಸುವವರು ಸುಯುಮ್‌ಕಾನ್. ಒಳಗೆ ಹಾಕಿಕೊಳ್ಳಲು ಚಪ್ಪಲಿ ನೀವೇ ತನ್ನಿ.” ನಮ್ಮ ಡಿಸ್ಕುಗಳು ಯಾವ ಯಾವ ಮನೆ ಸುತ್ತುತ್ತವೋ ಏನೋ, ಮಂಗಳವಾರ ಬಂತೆಂದರೆ ಯಾವಳೋ ಒಬ್ಬಳು ಚೀಲದಲ್ಲಿ ಚಪ್ಪಲಿ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಮದುವೆಯಾಗಿ ಹೋದಳು ಎಂದು ಅಪ್ಪ ಇದುವರೆಗೆ ಒಬ್ಬಳಿಗೂ ಹೇಳಿಲ್ಲ. “ಈ ವಾರ ಇಲ್ಲಮ್ಮ, ಮುಂದಿನ ವಾರ ಬಾ” ಅನ್ನುತ್ತಾನೆ. ನಾನು ಒಮ್ಮೆ ರೇಗಿದೆ: “ಅಪ್ಪಾ, ಮಕ್ಕಳಿಗೆ ಯಾಕೆ ಸುಳ್ಳು ಹೇಳ್ತೀರಿ?” ಅವನು ಮೌಸಿನ ವೈರು ಬಿಡಿಸುತ್ತಲೇ ಇದ್ದ. ಅದು ಸಿಕ್ಕು ಹಾಕಿಕೊಂಡೇ ಇರಲಿಲ್ಲ.

ಅಕ್ಕಾ, ಆ ಸಂಜೆ ಪಾಠ ಮುಗಿಸಿ ಬರುತ್ತಿದ್ದವಳನ್ನು ಕಾರಿಗೆ ಎಳೆದು ಹಾಕಿಕೊಂಡು ಹೋದರಲ್ಲ, ಅದನ್ನು ಅಜ್ಜಿ ಇಂದಿಗೂ ಮದುವೆ ಎನ್ನುತ್ತಾಳೆ. ನಾನು ಅಪರಾಧ ಎನ್ನುತ್ತೇನೆ, ಕಾನೂನೂ ಹಾಗೇ ಹೇಳುತ್ತದೆ. ಆ ರಾತ್ರಿ ನೀನು ಯಾರದೋ ಫೋನಿನಿಂದ ಪಿಸುಗುಟ್ಟಿದೆ: “ಅಪ್ಪಂಗೆ ಹೇಳು ಬುರುಲ್, ಬಂದು ಕರ್ಕೊಂಡು ಹೋಗ್ಲಿ.” ಅಪ್ಪ ಬೂಟು ಹಾಕಿಕೊಂಡಿದ್ದ. ಅಜ್ಜಿ ಬಾಗಿಲಿಗೆ ಅಡ್ಡ ಕೂತು, “ತಲೆಗೆ ಮದ್ವೆ ಬಿಳಿ ಬಟ್ಟೆ ಹಾಕಾಯ್ತು. ಈಗ ವಾಪಸ್ ತಂದ್ರೆ ಯಾರು ಕಟ್ಕೊತಾರೆ ಇವ್ಳನ್ನ? ನನ್ನೂ ಹಿಂಗೇ ತಂದಿದ್ರು, ಸತ್ನಾ ನಾನು?” ಅಂದಳು. “ಸಾಯದೇ ಇದ್ರೆ ಬಾಳಿದ ಹಾಗಾ ಅಜ್ಜಿ?” ಎಂದು ನಾನು ಕೂಗಿದೆ. ಹಾಲು ಬಿಟ್ಟು ಕರಪತ್ರ ಕುಡಿದು ಬೆಳೆದವಳು ಎಂದು ನನ್ನನ್ನು ಬೈದಳು. ಅಪ್ಪ ಬೂಟು ಬಿಚ್ಚಿದ. ಅಂದಿನಿಂದ ನಮ್ಮ ಮನೆಯಲ್ಲಿ ಮೂವರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡುತ್ತೇವೆ.

ನಿನ್ನ ಹಾಸಿಗೆಯನ್ನು ಮಡಚಿ ಮೂಲೆಗಿಟ್ಟಿದ್ದಾರೆ. ಮಾತಾಡಲು ಯಾರೂ ಇಲ್ಲದೆ ನಾನು ಕ್ಲಬ್ಬಿನ ಹುಡುಗರಿಗೇ ಭಾಷಣ ಮಾಡುತ್ತೇನೆ. “ಬುರುಲ್ ಅಕ್ಕಾ, ಕ್ರಾಂತಿ ಆಮೇಲೆ ಮಾಡು, ಮೊದ್ಲು ಮೂರನೇ ನಂಬರ್ ಆನ್ ಮಾಡು” ಎಂದು ನಗುತ್ತಾರೆ. ಕೆಲವು ಸಲ, ಯಾರೂ ಇಲ್ಲದಾಗ, ಇನ್‌ಸ್ಟಾಲ್ ಆಗಿರುವ ಆಟವನ್ನೇ ಅಳಿಸಿ ಮತ್ತೆ ಹಾಕುತ್ತೇನೆ. ಆಡುವುದಕ್ಕಲ್ಲ. ನಿನ್ನ ಹೆಸರು ಬರುವವರೆಗೆ ಕಾಯುತ್ತೇನೆ, ಬರುತ್ತದೆ, ಹೋಗುತ್ತದೆ.

ಹೋದ ವಾರ ಉಲಾರ್‌ಬೆಕ್ ಅಪ್ಪನಿಗೆ ಫೋನು ಮಾಡಿದ. ಅವನಿಗೇ ಕಾಣದ್ದನ್ನು ಯಾರೋ ಗೆಳೆಯ ತೋರಿಸಿದ್ದಾನೆ. “ಮಾವಾ, ನನ್ನ ಹೆಂಡ್ತಿ ಹೆಸ್ರು ಊರೋರ ಮನೆಯಲ್ಲೆಲ್ಲ ಯಾಕೆ ಬರ್ಬೇಕು? ನಗ್ತಾರೆ ಜನ. ತೆಗೀರಿ ಅದನ್ನ. ಹಂಗೇ ಹೊಸ ಫುಟ್‌ಬಾಲ್ ಬಂದಿದ್ರೆ ಕಳ್ಸಿ.” ಅಪ್ಪ “ಆಗ್ಲಿ” ಅಂದ. ನನ್ನತ್ತ ನೋಡದೆ, “ಅವಳ ಹೆಸ್ರು ತೆಗ್ದು ಒಂದು ಡಿಸ್ಕ್ ಮಾಡು” ಅಂದ. ಈ ಡಿಸ್ಕು ಅದೇ. ನಿನ್ನ ಹೆಸರು ತೆಗೆದಿದ್ದೇನೆ. ಹೆಸರಿದ್ದ ಜಾಗದಲ್ಲಿ ನಾನಿದ್ದೇನೆ.

ನಾನು ಕೇಳಬೇಕಾದದ್ದು ಇಷ್ಟೇ. ನಿನಗೆ ಬರಬೇಕೆನ್ನಿಸುತ್ತದೆಯೇ? ಅಜ್ಜಿ ಬೇಡ ಎಂದಳು, ಅಪ್ಪ ಸುಮ್ಮನಾದ, ನಾನು ಬೇಕೆಂದು ಕೂಗಿದೆ. ನಿನ್ನನ್ನು ಕೇಳಿದವರು ಯಾರೂ ಇಲ್ಲ, ನಾನೂ ಕೇಳಲಿಲ್ಲ. ನೀನು ಅಲ್ಲೇ ಇರುತ್ತೇನೆ ಎಂದರೆ ನನ್ನ ಕರಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿನ್ನ ಮಾತನ್ನು ನಂಬುತ್ತೇನೆ. ನಿಜವಾಗಿಯೂ ಪ್ರಯತ್ನಪಡುತ್ತೇನೆ.

ನಿನ್ನ ಮೈಗೆ ಬೆಚ್ಚಗಿರಲಿ, ನಿನ್ನ ಮಾತು ನಿನ್ನ ಬಾಯಲ್ಲೇ ಇರಲಿ. ಅಜ್ಜಿಯ ಆಶೀರ್ವಾದವನ್ನು ಅವಳಿಗೆ ಗೊತ್ತಿಲ್ಲದೆ ಇದರೊಳಗೆ ಸೇರಿಸಿದ್ದೇನೆ.

ನಿನ್ನ ತಂಗಿ,
ಬುರುಲ್

ಮರೆತ ಮಾತು: ಡಿಸ್ಕು ಬರ್ನ್ ಮಾಡುವ ಮೊದಲು ನೀರು ಕುಡಿಯಲು ಎದ್ದು ಹೋಗಿದ್ದೆ. ಬಂದು ನೋಡಿದರೆ ಅಪ್ಪ ನನ್ನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದ. ಅಳಿಸುತ್ತಾನೆ ಎಂದುಕೊಂಡೆ. ಅಳಿಸಲಿಲ್ಲ. ಡಿಸ್ಕಿಗೆ ಏನೇನೋ ದೊಡ್ಡ ಖಾಲಿ ಫೈಲುಗಳನ್ನು ತುರುಕಿದ. ಯಾಕೆ ಎಂದೆ. “ಪಟ್ಟಿ ನಿಧಾನಕ್ಕೆ ಹೋಗ್ಲಿ. ಅವ್ಳು ಏನಾದ್ರೂ ಎರಡು ಸಲ ಓದೋಳು” ಅಂದ. ಆಮೇಲೆ ಇದನ್ನು ಬರೆಯಲು ಹೇಳಿದ: ಅಲ್ಲೇ ಇರುವುದಾದರೆ ಪಟ್ಟಿ ತುಂಬಲು ಬಿಡು, ಅವನು ಆಟ ಆಡಿಕೊಳ್ಳಲಿ, ಯಾರೂ ಏನೂ ಅನ್ನುವುದಿಲ್ಲ, ಮುಂದಿನ ಡಿಸ್ಕಿನಲ್ಲೂ ಇದೇ ಪ್ರಶ್ನೆ ಇರುತ್ತದೆ. ಬರುವುದಾದರೆ ಪಟ್ಟಿ ತುಂಬುವ ಮೊದಲೇ ರದ್ದು ಮಾಡಿ, ಡಿಸ್ಕಿಗೆ ಗೀರು ಬಿದ್ದಿದೆ, ಆಟ ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಉಲಾರ್‌ಬೆಕ್‌ಗೆ ಹೇಳು. ಅವನು ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಾನೆ. ಆಗ ಅಪ್ಪ, “ತಪ್ಪಾಯ್ತಪ್ಪ, ನಾನೇ ಬೇರೆದು ತರ್ತೀನಿ” ಎಂದು ಹೇಳಿ ಅದೇ ದಿನ ಕಾರು ಮಾಡಿಕೊಂಡು ಹೊರಡುತ್ತಾನೆ, ನಿನ್ನನ್ನು ಕೂರಿಸಿಕೊಳ್ಳದೆ ಹಿಂದಿರುಗುವುದಿಲ್ಲ. ಅಕ್ಕಾ, ಡಿಸ್ಕು ಇನ್ನೂ ಬಸ್ಸನ್ನೇ ಹತ್ತಿಲ್ಲ, ಇವನು ಆಗಲೇ ಫೋನು ಹಿಡಿದು ಕೂತಿದ್ದಾನೆ. ಅಳಿಯನ ಬೈಗುಳಕ್ಕೆ ಇಷ್ಟು ಆಸೆಯಿಂದ ಕಾಯುವ ಮಾವನನ್ನು ನಾನು ಎಲ್ಲೂ ಕಂಡಿಲ್ಲ.