ಎರಡರ ಮ್ಯಾಲೇ ಇರ್ಲಿ

ಗಾದಿಲಿಂಗಣ್ಣ,

ಏಳರ ಬಸ್ಸಿಗೆ ಬಳ್ಳಾರಿಗೆ ಹೊಂಟೀನಿ. ಇವತ್ತು ಉಸಿರಾಟ ಚಿಕಿತ್ಸಾ ಕೋರ್ಸಿನ ಕಡೀ ಪರೀಕ್ಷಿ.

ಅಪ್ಪನ ಆಕ್ಸಿಜನ್ ಮಿಷನ್ ಎರಡರ ಗೆರಿ ಮ್ಯಾಲೇ ಇರ್ಲಿ. ಅಪ್ಪ ಏದುಸಿರು ಬಿಟ್ರೂ ಏರಿಸಬ್ಯಾಡ, ಅವನ ಹಳೇ ದಮ್ಮಿನ ಬ್ಯಾನಿಗೆ ಆಕ್ಸಿಜನ್ ಹೆಚ್ಚಾದ್ರ ಮಂಪರು ಹತ್ತತೈತಿ. ಮತ್ತ ನಿನ್ನಿಯಂಗ ಮಂಪರು ಹತ್ತಿದ್ರ ನನ್ನ ಫೋನಿಗೆ ಕಾಯಬ್ಯಾಡ, ಸೀದಾ ಸಿರುಗುಪ್ಪದ ದವಾಖಾನಿಗೆ ಕರ್ಕೊಂಡು ಹೋಗು.

ನಿನ್ನಿ ಎಲ್ಲಾರ ಮುಂದ ಅವ್ವನ್ನ ಬೈದ್ಯಲ್ಲ, "ಓದು ಬರದಾಕಿ ಮಿಷನ್ ಯಾಕ ಮುಟ್ಟಿದಿ" ಅಂತ. ಆಕಿ ಮುಟ್ಟಿಲ್ಲಣ್ಣ. ಅಪ್ಪ ಏದೋದು ನೋಡಲಾರ್ದ ಐದಕ್ಕ ಏರಿಸಿದಾಕಿ ನಾನು, ಮೂರು ವರ್ಷ ಇದನ್ನ ಓದಿದಾಕಿ. ಪರೀಕ್ಷಿ ಮುಗಿಯೋತನ ಬಾಯಿ ಬಿಡಬ್ಯಾಡ ಅಂತ ಅವ್ವ ನನ್ನ ಕಡಿಂದ ಆಣಿ ಮಾಡಿಸ್ಯಾಳ.

ರೊಟ್ಟಿ ಮುಚ್ಚಿಟ್ಟೀನಿ. ಆಕಿ ನಿನ್ನಿಯಿಂದ ಉಂಡಿಲ್ಲ. ಬೈದ ಬಾಯಿಲೇ ಉಣ್ಣಾಕ ಕರಿ.

ಪಂಪಾವತಿ