ಒಪ್ಪಿಗೆ ಬೇಕಿಲ್ಲದ ರಕ್ತ

ಮಾರ್ಚ್ 12, ಮಂಗಳವಾರ

ನಾಲ್ಕು ಸಲ ಸೋಪು ಹಾಕಿ ತೊಳೆದರೂ ನನ್ನ ಕೈ ನನಗೇ ಅಸಹ್ಯ ಅನ್ನಿಸುತ್ತಿದೆ.

ಆರನೇ ಬೆಡ್ಡಿನ ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ಹೋಗಿದೆ. ದಿನಾ ಬಂದು ಊಟ ಮಾಡಿಸುವ ಮಗಳು ಅವರಿಗೆ ಹುಟ್ಟಿದವಳೇ ಅಲ್ಲ ಅಂತ ಅವರ ತಮ್ಮ ಆಸ್ತಿಗಾಗಿ ಕೇಸು ಹಾಕಿದ್ದಾನೆ. ಮೇಷ್ಟ್ರ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿ ಅಂತ ಇವತ್ತು ಕೋರ್ಟಿನ ಆದೇಶ ಬಂತು.

ಸೂಜಿ ಹಿಡಿದು ಹೋದೆ. ಮೇಷ್ಟ್ರು ಸ್ವಾಧೀನವಿದ್ದ ಒಂದೇ ಕೈಯನ್ನು ಎಳೆದುಕೊಂಡರು. ಮತ್ತೆ ಹಿಡಿದೆ, ಮತ್ತೆ ಎಳೆದುಕೊಂಡರು. ಮೂರನೇ ಸಲ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡರು.

"ಅವರು ಬೇಡ ಅಂತಿದ್ದಾರೆ ಸಾರ್," ಅಂದೆ.

"ಬೇಡ ಅನ್ನೋಕೆ ಬಾಯಿ ಎಲ್ಲಿದೆ ಸಿಸ್ಟರ್? ಒಪ್ಪಿಗೆ ಬೇಕಿಲ್ಲ ಅಂತ ಆದೇಶದಲ್ಲೇ ಇದೆ," ಅಂದರು ಡಾಕ್ಟರ್. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ತಮ್ಮ ಹಲ್ಲು ಕಿರಿದ. ಥೂ.

ಡಾಕ್ಟರೇ ಭುಜ ಒತ್ತಿ ಹಿಡಿದರು. ಚುಚ್ಚಿದ್ದು ನಾನು. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಬಾಗಿಲಲ್ಲಿ ನಿಂತಿದ್ದ ಮಗಳು, "ನಾನು ಮಗಳಲ್ಲ ಅಂತಲೇ ಬರ್ಕೊಡ್ತೀನಿ ಅಕ್ಕಾ, ಅಪ್ಪನ್ನ ಬಿಟ್ಬಿಡಿ," ಅಂತ ಗೋಗರೆದಳು. ನಾನು ಬಿಡಲಿಲ್ಲ. ಸೀಸೆ ತುಂಬುವವರೆಗೂ ಎಳೆದೆ.

'ರೋಗಿ ಸಹಕರಿಸಿದ್ದಾರೆ' ಅಂತ ಫಾರಂನಲ್ಲಿ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ, 'ಮೂರು ಸಲ ಕೈ ಎಳೆದುಕೊಂಡರು, ಒತ್ತಿ ಹಿಡಿದು ತೆಗೆದೆವು' ಅಂತ ಬರೆದು ಸಹಿ ಹಾಕಿದೆ. ಡಾಕ್ಟರ್ ಕಿಡಿಕಿಡಿಯಾದರು. ನಾಳೆ ಬೆಳಿಗ್ಗೆ ಆಫೀಸಿಗೆ ಬಂದು ವಿವರಣೆ ಕೊಡಬೇಕಂತೆ.

ಕೊಡ್ತೀನಿ, ಅದೇನು ಮಹಾ. ಆದರೆ ಅದಕ್ಕೂ ಮುಂಚೆ ಮೇಷ್ಟ್ರಿಗೆ ಮಾತ್ರೆ ನುಂಗಿಸಬೇಕು. ಆಗ ಅವರು ನನ್ನ ಮುಖ ನೋಡಿದರೆ ನಾನು ಇದೇ ಕೈಯಿಂದ ಮಾತ್ರೆ ಹೇಗೆ ಕೊಡಲಿ?