ಪಥ್ಯದ ಹಾಳೆಯಲ್ಲಿ ಒಂದು ಶಬ್ದ

೩ ನವೆಂಬರ್ ೨೦೨೫, ಸೋಮವಾರ

ಇದನ್ನು ಈ ಡೈರಿಯಲ್ಲೂ ಬರೆಯದೇ ಬಿಡುವವಳಿದ್ದೆ. ಶಕುಂತಲಾಬಾಯಿಯ ಪಥ್ಯದ ಹಾಳೆ ಬರೆದವಳು ನಾನು, ಸೆಂಟರಿನ ಡಯಟಿಶಿಯನ್. ‘ಸ್ಫುರದ ಕಡಿಮೆ ಮಾಡಿ’ ಅಂತ, ಮರಾಠಿಯಲ್ಲಿ — ಮಹಾರಾಷ್ಟ್ರದ ಈ ಗಡಿಯಲ್ಲಿ ಇವರೆಲ್ಲ ಆಡುವುದು ಕನ್ನಡ, ಓದುವುದು ಮರಾಠಿ. ಫಾಸ್ಫರಸ್‌ಗೆ ಮರಾಠಿ ಏನೆಂದು ಡಿಕ್ಷನರಿ ನೋಡಿದ್ದೆ. ಡಿಕ್ಷನರಿ ಸರಿಯಾಗಿಯೇ ಇತ್ತು.

ಆಕೆ ವಲಾಂಡಿಯಿಂದ ವಾರಕ್ಕೆ ಮೂರು ಸಲ ಉದಗೀರಕ್ಕೆ, ನಮ್ಮ ಡಯಾಲಿಸಿಸ್ ಸೆಂಟರಿಗೆ ಬರುತ್ತಾರೆ. ಮೂರು ತಿಂಗಳಿಂದ ರಿಪೋರ್ಟಿನಲ್ಲಿ ಫಾಸ್ಫರಸ್ ಏರುತ್ತಲೇ ಇದೆ. ಇವತ್ತು ೮.೨, ಐದೂವರೆ ದಾಟಬಾರದ್ದು. ತೋಳಿನ ತುಂಬ ಕೆರೆದುಕೊಂಡ ಗೆರೆ. ಏನು ತಿನ್ನುತ್ತೀರಿ, ಕೇಳಿದೆ.

“ನೀವ ಬರದ್ ಕೊಟ್ಟಂಗ ರೀ, ಪಥ್ಯದ ಬಾಯಿ. ಸ್ಫುರದ ಬ್ಯಾಡ ಅಂದ್ರಿ. ನಮ್ಮ ಹೊಲಕ್ಕ ಡಿಎಪಿ ಗೊಬ್ಬರ ಸುರೀತಾರ. ಆ ಜ್ವಾಳದ ರೊಟ್ಟಿ ಬಿಟ್ಟೀನಿ. ಸ್ವಸಿ ಪಾಕೀಟಿಂದು ತರ್ತಾಳ — ಚೀಜು, ಸೂಪು. ಪಾಕೀಟಿಗಿ ಯಾರರ ಗೊಬ್ಬರ ಹಾಕ್ತಾರೇನ್ರೀ?”

ನಕ್ಕರು. ನಾನೂ ನಕ್ಕೆನೇನೋ.

ಗೊಬ್ಬರದ ಅಂಗಡಿಗಳ ಬೋರ್ಡಿನ ಮೇಲೆಲ್ಲ ಇದೇ ಶಬ್ದ: ನತ್ರ, ಸ್ಫುರದ, ಪಾಲಾಶ. ದಿನವೂ ಆ ರಸ್ತೆಯಲ್ಲೇ ಬರುತ್ತೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದು ಫಾಸ್ಫರಸ್. ಹೊಲ ಇದ್ದವರಿಗೆ ಅದು ಗೊಬ್ಬರ, ಅಷ್ಟೇ.

ಬಿಟ್ಟದ್ದು ರೊಟ್ಟಿ — ಜೋಳದ ಫಾಸ್ಫರಸ್ ಮೈಗೆ ಪೂರ್ತಿ ಹತ್ತುವುದಿಲ್ಲ. ಹಿಡಿದದ್ದು ಪಾಕೀಟು. ಅದರಲ್ಲಿ ಬೆರೆಸಿದ ಫಾಸ್ಫೇಟು ಬಹುಪಾಲು ನೇರ ರಕ್ತಕ್ಕೆ.

೫ ನವೆಂಬರ್

ಸೊಸೆ ಸಾರಿಕಾ ಖಾಲಿ ಪಾಕೀಟುಗಳನ್ನು ಚೀಲದಲ್ಲಿ ತಂದಿದ್ದಳು.

“ಹಸರ ಚುಕ್ಕಿ ನೋಡೇ ತಂದೀನ್ರಿ ಮೇಡಂ. ಇದ್ರಾಗ ಸ್ಫುರದ ಎಲ್ಲಿ ಬರದಾರ?”

ಬೆರಳಿಟ್ಟು ತೋರಿಸಿದೆ. ೩೩೯. ೪೫೨. ಎರಡೂ ಫಾಸ್ಫೇಟಿನ ನಂಬರು.

“ಯವ್ವಾ! ನಾ ಬ್ಯಾಚ್ ನಂಬರ್ ಅನ್ಕೊಂಡಿದ್ನಿ.”

ಎಷ್ಟು ಹಾಕಿದ್ದಾರೆ? ಎಲ್ಲೂ ಇಲ್ಲ. ಬರೆಯಬೇಕೆಂಬ ನಿಯಮವೂ ಇಲ್ಲ. ಆರೋಗ್ಯವಂತರಿಗೆ ಮಿತಿಯೊಳಗೆ ಪರವಾಗಿಲ್ಲ ಎಂದು ಒಪ್ಪಿದ ಪದಾರ್ಥ. ಕಿಡ್ನಿ ಹೋದವರು ಯಾವ ಮಿತಿಯೊಳಗೆ…

“ನಮಗ ತಿಳೀಲಿಲ್ಲ ಬಿಡ್ರಿ,” ಅಂದಳು.

ಇಲ್ಲ, ನಾನು ಬರೆದದ್ದೇ ತಪ್ಪು — ಅನ್ನಬೇಕಿತ್ತು. “ಇನ್ನ ಮ್ಯಾಲೆ ನೋಡಿ ತಗೋ” ಅಂದೆ.

೨೯ ನವೆಂಬರ್

ಶಕುಂತಲಾಬಾಯಿ ಮಂಗಳವಾರ ಹೋದರು. ಹೃದಯ. ಆರು ವರ್ಷದ ಡಯಾಲಿಸಿಸ್, ಫಾಸ್ಫರಸ್ಸೇ ಕಾರಣ ಅಂತ ಹೇಳಲಾಗದು ಎಂದರು ಡಾಕ್ಟರ್. ನಿಜ. ಆ ನಿಜದ ಹಿಂದೆ ನಿಂತುಕೊಳ್ಳುವುದು ಎಷ್ಟು ಸುಲಭ.

ಇವತ್ತು ವಲಾಂಡಿಗೆ ಹೋಗಿದ್ದೆ. ತೀರಿಕೊಂಡವರ ತಂಗಿ ಗೌರಾಬಾಯಿ ಎಲ್ಲರೆದುರು ಸಾರಿಕಾಗೆ —

“ರೊಟ್ಟಿ ಬಡ್ಯಾಕ ಬ್ಯಾಸರಾಗಿ ನಮ್ಮಕ್ಕಗ ಪಾಕೀಟ ತಿನಿಸಿ ಕೊಂದಿ. ಈಗ ಕುಂತ್ ಅಳ್ತಿ, ಶಾಣ್ಯಾಕಿ!”

ಸಾರಿಕಾ ತಲೆಯೆತ್ತಿ ನನ್ನ ಕಡೆ ನೋಡಿದಳು.

ಕೈಯಲ್ಲಿ ಚಹಾ ಇತ್ತು. ಕುಡಿದೆ. ಎದ್ದು ಬಂದೆ.

೪ ಡಿಸೆಂಬರ್

ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ಪತ್ರ. ಎರಡು ಪುಟ, ಇಂಗ್ಲಿಷಿನಲ್ಲಿ. ನಂಬರಿನ ಪಕ್ಕ ಫಾಸ್ಫೇಟ್ ಎಂಬ ಹೆಸರೂ ಇರಲಿ, ಎಷ್ಟು ಮಿಲಿಗ್ರಾಂ ಎಂಬುದೂ ಇರಲಿ. ಒಳ್ಳೆಯ ಪತ್ರ. ಮತ್ತೆ ಓದಿದೆ. ‘ರೋಗಿಯ ಮನೆಯವರು ಸಲಹೆಯನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರು’ — ಇದು ನನ್ನದೇ ವಾಕ್ಯ. ಗೌರಾಬಾಯಿ ಅಂದದ್ದನ್ನೇ ಸಭ್ಯವಾಗಿ ಬರೆದಿದ್ದೆ.

ಆ ಸಾಲು ಹೊಡೆದು ಹಾಕಿ ಬರೆದೆ: ‘ಸಲಹೆಯ ಹಾಳೆ ಬರೆದವಳು ನಾನು. ಶಬ್ದ ತಪ್ಪು ಆರಿಸಿದೆ.’

ಟೆಕ್ನೀಶಿಯನ್ ಸಿದ್ಧಾರೂಢ ಇಣುಕಿ ನೋಡಿದ. “ಮೇಡಂ, ಕಂಪನೀದ ತಪ್ಪ ಹುಡಕಾಕ ಹೋಗಿ ನಿಮ್ಮ ಕೊಳ್ಳಿಗೇ ಹಗ್ಗ ಹಾಕ್ಕೋತೀರಲ್ರೀ!”

ಇರಬಹುದು. ಉಳಿದ ರೋಗಿಗಳ ಹಾಳೆಗಳನ್ನೆಲ್ಲ ವಾಪಸು ಕೇಳಲು ಅವನಿಗೇ ಹೇಳಿದೆ.

೭ ಡಿಸೆಂಬರ್, ಭಾನುವಾರ

ಪ್ರಾಧಿಕಾರ ಉತ್ತರ ಕೊಡಲಿ, ಬಿಡಲಿ. ವಲಾಂಡಿಗೂ ಒಂದು ಪತ್ರ ಬರೆದೆ, ಮರಾಠಿಯಲ್ಲಿ. ಆ ಮನೆಯವರು ಓದುವುದು ಅದನ್ನೇ. ಹೋಗಿಯೇ ಹೇಳಬಹುದಿತ್ತು. ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಸಾರಿಕಾ ಹೆಸರಿಗಲ್ಲ — ಆಕೆ ಮಡಚಿ ಇಟ್ಟುಬಿಟ್ಟಾಳು. ಗೌರಾಬಾಯಿ ಹೆಸರಿಗೆ. ‘ನಿಮ್ಮ ಅಕ್ಕನ ಸೊಸೆ ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದಳು. ಇದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ.’

ಲಕೋಟೆ ಅಂಟಿಸಿಲ್ಲ. ಇವತ್ತು ಪೋಸ್ಟ್ ಆಫೀಸು ಮುಚ್ಚಿದೆ. ನಾಳೆ, ಡ್ಯೂಟಿಗಿಂತ ಮೊದಲು. ಪತ್ರದ ಮೇಲೆ ತಾರೀಕು ನಾಳೆಯದೇ ಹಾಕಿದ್ದೇನೆ: ೮ ಡಿಸೆಂಬರ್, ಸೋಮವಾರ.